ಸುಣ್ಣ ಹಾಕಿದ ಮೇಲೆ: ಬೇರು ತರಕಾರಿ ತೋಟದ ಒಂದು ಪ್ರಕರಣ

ಈ ಬರಹದಲ್ಲಿ ಊರು, ಹೆಸರು, ಜಮೀನಿನ ಗುರುತು ಯಾವುದೂ ಇಲ್ಲ. ಮಣ್ಣು, ಬೆಳೆ ಮತ್ತು ತೆಗೆದುಕೊಂಡ ತೀರ್ಮಾನಗಳಷ್ಟೇ ಇವೆ. ಮಣ್ಣಿಗೆ ಏನಾದರೂ ಬೆರೆಸಿ ಬೇರಿನ ರೋಗವನ್ನು ಹತೋಟಿಗೆ ತರಲು ಹೊರಟವರಿಗೆ ಇದು ಉಪಯೋಗಕ್ಕೆ ಬರಬಹುದು. ಯಾಕೆಂದರೆ ಇಲ್ಲಿ ಮದ್ದು ಚೆನ್ನಾಗಿಯೇ ಕೆಲಸ ಮಾಡಿತು. ಎರಡನೇ ಸುತ್ತಿನ ತೊಂದರೆ ಶುರುವಾಗಿದ್ದೂ ಅದರಿಂದಲೇ.

ಹಿನ್ನೆಲೆ

ತಂದೆ, ಮಗಳು ಸೇರಿ ನಡೆಸುವ ತೋಟ. ಹೊಲದ ಕೆಲಸವೆಲ್ಲ ತಂದೆಯದು. ಲೆಕ್ಕ, ಮಾರಾಟ, ಯಾವ ತಾಕಿಗೆ ಯಾವ ಬೆಳೆ ಎಂದು ಬರೆದಿಡುವುದು ಮಗಳದು. ಟರ್ನಿಪ್, ಆಲೂಗಡ್ಡೆ, ಬೀಟ್‌ರೂಟ್, ಕ್ಯಾರೆಟ್ ಈ ನಾಲ್ಕನ್ನೇ ಸರದಿ ಪ್ರಕಾರ ಬೆಳೆಯುತ್ತಿದ್ದರು. ಇರುವುದು ಎರಡು ತಾಕು. ಮೇಲಿನದರಲ್ಲಿ ಮರಳು ಬೆರೆತ ಮಣ್ಣು, ನೀರು ಬೇಗ ಇಂಗುತ್ತದೆ. ಕೆಳಗಿನದು ತಗ್ಗು, ಜೇಡಿ ಜಾಸ್ತಿ. ಜೋರು ಮಳೆ ಬಂದರೆ ನೀರು ಅಲ್ಲೇ ನಿಲ್ಲುತ್ತದೆ. ಎರಡೂ ಕಡೆ ಮಣ್ಣು ಹುಳಿ. ಕೆಳಗಿನ ತಾಕಿನ ರಸಸಾರ, ಅಂದರೆ ಪಿಎಚ್, 5.4 ಇತ್ತು. ಈ ಅಂಕಿ 7ಕ್ಕಿಂತ ಕೆಳಗೆ ಇಳಿದಷ್ಟೂ ಹುಳಿ ಜಾಸ್ತಿ.

ಮೊದಲ ಲಕ್ಷಣ ಕಂಡಿದ್ದು ಕೆಳಗಿನ ತಾಕಿನ ತಗ್ಗು ಮೂಲೆಯಲ್ಲಿ. ನೆಲದಲ್ಲಿ ತೇವ ಇದ್ದರೂ ಮಧ್ಯಾಹ್ನದ ಬಿಸಿಲಿಗೆ ಟರ್ನಿಪ್ ಎಲೆ ಬಾಡುತ್ತಿತ್ತು. ಸಂಜೆಗೆ ಮತ್ತೆ ಎದ್ದು ನಿಲ್ಲುತ್ತಿತ್ತು. ಕೀಳುವ ಹೊತ್ತಿಗೆ ಕೆಲವು ಗಿಡಗಳ ಬೇರು ಊದಿಕೊಂಡು ಗಂಟಾಗಿತ್ತು. ಗಂಟು ಕಂಡ ಕೂಡಲೇ ಅವರು ಇದು ಮಣ್ಣಿನಲ್ಲಿರುವ ಜಂತುಹುಳುವಿನ (ನೆಮಟೋಡ್) ಕೆಲಸ ಎಂದು ತೀರ್ಮಾನಿಸಿದರು. ಅದರಲ್ಲಿ ಆಶ್ಚರ್ಯವಿಲ್ಲ. ಬೇರಿನಲ್ಲಿ ಗಂಟು ಅಂದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಅದೇ.

ತಪ್ಪು ರೋಗಕ್ಕೆ ಸರಿಯಾದ ಮದ್ದು

ಮೊದಲು ಬೇವಿನ ಹಿಂಡಿ ಹಾಕಿದರು. ಜಂತುಹುಳು ಕಡಿಮೆ ಮಾಡಲು ಅದು ಒಳ್ಳೆಯ ಪದಾರ್ಥವೇ. ಅದರಲ್ಲಿ ಸಾರಜನಕವೂ ಇರುವುದರಿಂದ ಮುಂದಿನ ಬೆಳೆಯ ಎಲೆ ಸೊಂಪಾಗಿ ಬಂತು. ಎಲೆ ನೋಡಿ ಮದ್ದು ಹತ್ತಿದೆ ಅಂದುಕೊಂಡರು. ಬೇರು ಕಿತ್ತು ನೋಡುವ ಯೋಚನೆ ಯಾರಿಗೂ ಬರಲಿಲ್ಲ.

ಆಮೇಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸಾಸಿವೆಯನ್ನು ಒತ್ತಾಗಿ ಬಿತ್ತಿ, ಹೂ ಬಿಡುವಾಗ ಸಣ್ಣಗೆ ಕತ್ತರಿಸಿ, ಹಸಿಹಸಿಯಾಗಿ ಮಣ್ಣಿಗೆ ಸೇರಿಸಿದರು. ಸಾಸಿವೆ ಜಜ್ಜಿದಾಗ ಘಾಟು ಬರುತ್ತದಲ್ವಾ, ಆ ಘಾಟಿನ ವಸ್ತುವೇ ಐಸೋಥಯೋಸಯನೇಟ್. ಅದಕ್ಕೆ ಮಣ್ಣಿನಲ್ಲಿರುವ ಹಲವು ಶಿಲೀಂಧ್ರ, ಜಂತುಹುಳುಗಳನ್ನು ಹತ್ತಿಕ್ಕುವ ಶಕ್ತಿ ಇದೆ. ಸಣ್ಣಗೆ ಕತ್ತರಿಸಬೇಕು, ತಡಮಾಡದೆ ಮಣ್ಣಿಗೆ ಸೇರಿಸಬೇಕು, ನೀರು ಕೊಟ್ಟು ಮೇಲ್ಮೈ ಮುಚ್ಚಬೇಕು. ಇದೆಲ್ಲವನ್ನೂ ಅವರು ಕ್ರಮವಾಗಿಯೇ ಮಾಡಿದ್ದರು.

ಮರುವರ್ಷದ ಟರ್ನಿಪ್‌ನಲ್ಲಿ ರೋಗ ಮೂಲೆ ಬಿಟ್ಟು ಇಡೀ ತಾಕಿಗೆ ಹರಡಿತು. ಸಲಹೆಗೆಂದು ನನ್ನನ್ನು ಕರೆದದ್ದು ಆಗ.

ಕತ್ತರಿಸಿ ನೋಡಿದಾಗ

ಗಿಡವನ್ನು ಎಳೆದು ಕೀಳಬೇಡಿ, ಗುದ್ದಲಿಯಿಂದ ಮಣ್ಣಿನ ಸಮೇತ ಎತ್ತಿ ಎಂದೆ. ಬಕೆಟ್ ನೀರಿನಲ್ಲಿ ಅದ್ದಿ ನಿಧಾನವಾಗಿ ಅಲ್ಲಾಡಿಸಿದಾಗ ಬೇರು ಪೂರ್ತಿ ಕಂಡಿತು. ಗೆಡ್ಡೆಯ ಕೆಳಗಿನ ತಾಯಿಬೇರು ಶುಂಠಿಯ ಹಾಗೆ ಅಡ್ಡಾದಿಡ್ಡಿ ಊದಿತ್ತು. ಕವಲುಬೇರುಗಳ ನಡುಭಾಗ ದಪ್ಪಗಿತ್ತು, ಎರಡೂ ತುದಿ ಸಣ್ಣಗಾಗುತ್ತಾ ಹೋಗಿತ್ತು. ಕೆಲವು ಊತ ಆಗಲೇ ಕಂದು ಬಣ್ಣಕ್ಕೆ ತಿರುಗಿ ಕೊಳೆತು ನಾರುತ್ತಿತ್ತು.

ಜಂತುಹುಳುವಿನ ಗಂಟು ಹೀಗಿರುವುದಿಲ್ಲ. ಅದು ಚಿಕ್ಕದು, ದುಂಡಗಿರುತ್ತದೆ, ಸಣ್ಣ ಬೇರುಗಳ ಉದ್ದಕ್ಕೂ ಅಲ್ಲಲ್ಲಿ ಇರುತ್ತದೆ. ಭೂತಗನ್ನಡಿ ಹಿಡಿದರೆ ಗಂಟಿನ ಮೇಲೆ ಕಂದು ಅಂಟಿನಂಥ ಮೊಟ್ಟೆಯ ಗುಂಪು ಕಾಣುತ್ತದೆ. ಸೀಳಿದರೆ ಒಳಗೆ ಗುಂಡುಸೂಜಿಯ ತಲೆಗಿಂತ ಚಿಕ್ಕದಾದ, ಹೊಳೆಯುವ ಬಿಳಿ ಹೆಣ್ಣುಹುಳು ಸಿಗುತ್ತದೆ. ಒಳಗೆ ಟೊಳ್ಳಾಗಿ ಮರಿಹುಳು ಇದ್ದರೆ ಅದು ಮೂತಿಹುಳುವಿನ ಕೆಲಸ. ನಾವು ಸೀಳಿದ ಊತಗಳಲ್ಲಿ ಹುಳುವೂ ಇರಲಿಲ್ಲ, ಟೊಳ್ಳೂ ಇರಲಿಲ್ಲ. ಒಳಗೆಲ್ಲ ಮಾಸಲು ಬಿಳಿ ತಿರುಳೇ.

ಇದು ಕ್ಲಬ್‌ರೂಟ್. ರೋಗಕಾರಕದ ಹೆಸರು ಪ್ಲಾಸ್ಮೋಡಿಯೋಫೋರಾ ಬ್ರಾಸಿಕೇ. 1878ರಲ್ಲಿ ಇದನ್ನು ವಿವರಿಸಿ ಹೆಸರಿಟ್ಟವರು ರಷ್ಯಾದ ವಿಜ್ಞಾನಿ ಮಿಖಾಯಿಲ್ ವೊರೊನಿನ್. ಇದು ಶಿಲೀಂಧ್ರವೂ ಅಲ್ಲ, ಬ್ಯಾಕ್ಟೀರಿಯಾವೂ ಅಲ್ಲ, ಒಂದು ಬಗೆಯ ಏಕಕೋಶ ಜೀವಿ. ಗಂಟು ಕೊಳೆತಾಗ ಲೆಕ್ಕವಿಲ್ಲದಷ್ಟು ಬೀಜಾಣುಗಳು ಮಣ್ಣು ಸೇರುತ್ತವೆ. ಕೆಲವು ಹತ್ತು ಹದಿನೈದು ವರ್ಷ ಕಳೆದರೂ ಜೀವಂತವಾಗಿರುತ್ತವೆ. ಬೇರು ಹತ್ತಿರ ಬಂದಾಗ ಅವು ಮೊಳೆತು, ಮಣ್ಣಿನ ನೀರಿನಲ್ಲಿ ಈಜಿಕೊಂಡು ಹೋಗಿ ಬೇರಿನ ಕೂದಲು ಹೊಕ್ಕುತ್ತವೆ. ಹುಳಿ ಮಣ್ಣು, ನಿಂತ ನೀರು, ಬೆಚ್ಚನೆಯ ನೆಲ ಮೂರೂ ಅವಕ್ಕೆ ಇಷ್ಟ. ತಗ್ಗು ಮೂಲೆಯಿಂದ ಶುರುವಾಗಿದ್ದು ಯಾಕೆ ಎಂಬುದಕ್ಕೆ ಉತ್ತರ ಅಲ್ಲೇ ಇದೆ.

ರೋಗ ಅಷ್ಟು ಬೇಗ ಹರಡಿದ್ದು ಹೇಗೆ ಎಂಬುದು ತಿಳಿದಿದ್ದು ಮಗಳ ಪುಸ್ತಕದಿಂದ. ಸಾಸಿವೆ ಬಿತ್ತಿದ ತಾಕು, ಕತ್ತರಿಸಿ ಸೇರಿಸಿದ ವಾರ ಎಲ್ಲವೂ ಅದರಲ್ಲಿತ್ತು. ಟರ್ನಿಪ್, ಎಲೆಕೋಸು, ಹೂಕೋಸು, ಸಾಸಿವೆ ಎಲ್ಲ ಒಂದೇ ಜಾತಿಯ ಬೆಳೆಗಳು. ಕ್ಲಬ್‌ರೂಟ್ ಇವೆಲ್ಲಕ್ಕೂ ಬರುತ್ತದೆ. ಹೂ ಬಿಡುವವರೆಗೂ ಬಿಟ್ಟ ಸಾಸಿವೆಯ ಬೇರಿನಲ್ಲಿ ಗಂಟು ಬೆಳೆದು ಬಲಿಯಲು ಸಾಕಷ್ಟು ಕಾಲ ಸಿಕ್ಕಿತ್ತು. ಮೇಲಿನ ಸೊಪ್ಪನ್ನು ಮದ್ದು ಅಂತ ಮಣ್ಣಿಗೆ ಸೇರಿಸುವಾಗ, ಕೆಳಗೆ ರೋಗದ ಬೀಜಾಣುಗಳೂ ತಾಕಿನ ತುಂಬ ಹರಡಿದವು. ಸಾಸಿವೆ ಹಿಂಡಿಯಾಗಿದ್ದರೆ ಈ ಅಪಾಯ ಇರುತ್ತಿರಲಿಲ್ಲ. ಅದರಲ್ಲಿ ಜೀವಂತ ಬೇರೇ ಇಲ್ಲವಲ್ಲ.

"ಹಾಗಾದರೆ ನಾವೇ ಸಾಕಿಬಿಟ್ವಾ?" ಎಂದು ತಂದೆ ಕೇಳಿದರು. ರೋಗ ಯಾವುದೆಂದು ಗೊತ್ತಿಲ್ಲದೆ ಮಾಡಿದ ಕೆಲಸ ಅದು. ಇಂಥದ್ದು ಎಷ್ಟೋ ತೋಟಗಳಲ್ಲಿ ಆಗುತ್ತದೆ. ಹಸಿರೆಲೆ ಗೊಬ್ಬರದ ಬೆಳೆಯನ್ನು ಯಾರೂ ರೋಗದ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ಕುಂಡದ ಪರೀಕ್ಷೆ

ಮೇಲಿನ ತಾಕು ಎಷ್ಟು ಕೆಟ್ಟಿದೆ ಎಂಬುದು ತಿಳಿಯದೆ ಮುಂದಿನ ಮಾತಿಲ್ಲ. ಪರೀಕ್ಷೆ ಸುಲಭದ್ದು. ತಾಕಿನ ಬೇರೆ ಬೇರೆ ಜಾಗದ ಮಣ್ಣನ್ನು ಬೇರೆ ಬೇರೆ ಕುಂಡಗಳಿಗೆ ತುಂಬಿ, ಜಾಗದ ಹೆಸರು ಬರೆದು, ರೋಗ ಸುಲಭವಾಗಿ ಹತ್ತುವ ಸಾಸಿವೆ ಬಿತ್ತಿದೆವು. ಕುಂಡಗಳನ್ನು ಬೆಚ್ಚನೆಯ ಜಾಗದಲ್ಲಿಟ್ಟು, ತಟ್ಟೆಯಲ್ಲಿ ಸದಾ ನೀರು ನಿಲ್ಲಿಸಿದೆವು. ಐದಾರು ವಾರದ ನಂತರ ಗಿಡ ಎತ್ತಿ, ಬೇರು ತೊಳೆದು ನೋಡಿದೆವು.

ಕೆಳಗಿನ ತಾಕಿನ ಎಲ್ಲ ಕುಂಡಗಳಲ್ಲೂ ಗಂಟು. ಮೇಲಿನ ತಾಕಿನಲ್ಲಿ, ಟಿಲ್ಲರ್ ಒಳಗೆ ಬರುವ ದಾರಿಯ ಪಕ್ಕದ ಮಣ್ಣಿನಲ್ಲಿ ಮಾತ್ರ ಗಂಟು ಬಂತು. ಎರಡೂ ತಾಕಿಗೆ ಇದ್ದದ್ದು ಒಂದೇ ಟಿಲ್ಲರ್. ಚಕ್ರಕ್ಕೆ ಮೆತ್ತಿದ ಮಣ್ಣಿನ ಜೊತೆ ರೋಗವೂ ಹತ್ತಿ ಬಂದಿತ್ತು. ಗಂಟು ಬಾರದ ಕುಂಡದ ಮಣ್ಣು ಪೂರ್ತಿ ಶುದ್ಧ ಎಂದು ಹೇಳಲಾಗುವುದಿಲ್ಲ. ಬೀಜಾಣು ತೀರಾ ಕಡಿಮೆ ಇದ್ದರೆ ಈ ಪರೀಕ್ಷೆಗೆ ಸಿಗುವುದಿಲ್ಲ. ಆದರೆ ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಎಂಬುದು ಗೊತ್ತಾಯಿತು.

ನಾನು ಮೊದಲು ಹೇಳಿದ್ದು ಟರ್ನಿಪ್ ಬಿಟ್ಟುಬಿಡಿ ಅಂತ. ಅವರು ಒಪ್ಪಲಿಲ್ಲ. ಖಾಯಂ ಗಿರಾಕಿಗಳು ಅವರ ಬಳಿ ಬರುತ್ತಿದ್ದದ್ದೇ ಟರ್ನಿಪ್‌ಗಾಗಿ. ಕೊನೆಗೆ ಆದ ಒಪ್ಪಂದ ಇದು: ಮೇಲಿನ ತಾಕಿಗೆ ಸಾಸಿವೆ ಜಾತಿಯ ಯಾವ ಬೆಳೆಯೂ ಬರಬಾರದು, ಅಲ್ಲಿರುವ ಅಲ್ಪ ರೋಗ ಬೆಳೆಯಬಾರದು. ಕೆಳಗಿನ ತಾಕು ಹೇಗೂ ಕೆಟ್ಟಿದೆ, ಸುಣ್ಣ ಹಾಕಿ ಟರ್ನಿಪ್ ಬೆಳೆಯುವ ಪ್ರಯತ್ನ ಅಲ್ಲೇ ಆಗಲಿ.

ಸುಣ್ಣದ ಲೆಕ್ಕ

ಸುಣ್ಣ ಬೀಜಾಣುಗಳನ್ನು ಕೊಲ್ಲುವುದಿಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಒಂದು ಬೆಳೆ ಚೆನ್ನಾಗಿ ಬಂದ ಕೂಡಲೇ ರೋಗ ಹೋಯಿತು ಅಂದುಕೊಳ್ಳುವವರೇ ಹೆಚ್ಚು. ಪಿಎಚ್ 7.2ರ ಆಸುಪಾಸು ಅಥವಾ ಅದಕ್ಕಿಂತ ಮೇಲಿದ್ದು, ಸುಣ್ಣಾಂಶವೂ (ಕ್ಯಾಲ್ಸಿಯಂ) ಸಾಕಷ್ಟಿದ್ದರೆ ಬೇರಿನ ಕೂದಲಿಗೆ ಸೋಂಕು ಹತ್ತುವುದು, ಹತ್ತಿದ್ದು ಬೆಳೆಯುವುದು ಕಡಿಮೆಯಾಗುತ್ತದೆ. ಪಿಎಚ್ ಇಳಿದರೆ ರೋಗ ವಾಪಸ್.

ಮಣ್ಣು ಪರೀಕ್ಷೆಯ ವರದಿಯಲ್ಲಿ ಪಿಎಚ್ 6.5ಕ್ಕೆ ತರಲು ಎಷ್ಟು ಸುಣ್ಣ ಬೇಕು ಎಂದು ಬರೆದಿತ್ತು. ಸಾಮಾನ್ಯ ತರಕಾರಿಗೆ ಅಷ್ಟು ಸಾಕು. ಅದಕ್ಕಿಂತ ಮೇಲೆ ಹೋದರೆ ಬೋರಾನ್, ಮ್ಯಾಂಗನೀಸ್, ಸತುವಿನಂಥ ಲಘು ಪೋಷಕಾಂಶಗಳು ಮಣ್ಣಲ್ಲಿದ್ದರೂ ಗಿಡಕ್ಕೆ ಸರಿಯಾಗಿ ಸಿಗುವುದಿಲ್ಲ. ನಮಗೆ ಬೇಕಾಗಿದ್ದು 7.2. ಅಂದರೆ ವರದಿಯ ಗೆರೆ ದಾಟುತ್ತಿದ್ದೇವೆ ಎಂದು ಗೊತ್ತಿದ್ದೇ ದಾಟಿದೆವು. ಜೇಡಿ ಮಣ್ಣಿನಲ್ಲಿ ಪಿಎಚ್ ಏರಿಸಲು ಮರಳು ಮಣ್ಣಿಗಿಂತ ತುಂಬಾ ಜಾಸ್ತಿ ಸುಣ್ಣ ಬೇಕು. ಅದರಿಂದ ಪ್ರಮಾಣವೂ ದೊಡ್ಡದಿತ್ತು.

ಯಾವ ಸುಣ್ಣ ಎಂಬ ಪ್ರಶ್ನೆಯೂ ಬಂತು. ಒಂದೇ ಕೆಲಸಕ್ಕೆ 100 ಕೆ.ಜಿ. ಸುಣ್ಣಕಲ್ಲಿನ ಪುಡಿ ಬೇಕಾದರೆ, ಅರಳಿದ ಸುಣ್ಣ 74 ಕೆ.ಜಿ., ಸುಟ್ಟ ಸುಣ್ಣ 56 ಕೆ.ಜಿ. ಸಾಕು. ಇದು ಮೂರೂ ಶುದ್ಧವಾಗಿದ್ದಾಗಿನ ಲೆಕ್ಕ. ಸುಟ್ಟ ಸುಣ್ಣ ಬೇಗ ಕೆಲಸ ಮಾಡುತ್ತದೆ, ಆದರೆ ಕೈ, ಕಣ್ಣು ಸುಡುತ್ತದೆ. ಕಲ್ಲಿನ ಪುಡಿ ನಿಧಾನ, ಎಷ್ಟು ನುಣ್ಣಗಿದ್ದರೆ ಅಷ್ಟು ಒಳ್ಳೆಯದು. ಬಿತ್ತನೆ ಹತ್ತಿರವಾಗುತ್ತಿದೆ ಎಂದು ಅವರು ಅರ್ಧ ಅರಳಿದ ಸುಣ್ಣ, ಅರ್ಧ ಕಲ್ಲಿನ ಪುಡಿ ಆರಿಸಿಕೊಂಡರು. ಜಿಪ್ಸಂ ಹಾಕಿದರೆ ಆಗಲ್ವಾ ಎಂದು ಮಗಳು ಕೇಳಿದಳು. ಜಿಪ್ಸಂನಲ್ಲಿ ಸುಣ್ಣಾಂಶ ಇದೆ, ಆದರೆ ಅದು ಪಿಎಚ್ ಏರಿಸುವುದಿಲ್ಲ. ಕ್ಯಾಲ್ಸಿಯಂ ಸಯನಮೈಡ್ ಎಂಬ ಗೊಬ್ಬರವೂ ಈ ರೋಗಕ್ಕೆ ಹಳೆಯ ಮದ್ದು. ಹಾಕಿದವರು ಆ ಹೊತ್ತಿನಲ್ಲಿ ಮದ್ಯ ಮುಟ್ಟಿದರೆ ಮೈ ಕೆಂಪೇರಿ ಎದೆ ಬಡಿತ ಜೋರಾಗುತ್ತದೆ. ಅದರ ಸಹವಾಸ ಬೇಡ ಎಂದರು.

ಸುಣ್ಣ ಮತ್ತು ಕೊಟ್ಟಿಗೆ ಗೊಬ್ಬರವನ್ನು ಒಂದೇ ದಿನ ಹಾಕಿ ಮುಗಿಸುವ ಯೋಚನೆ ತಂದೆಯದು. ಹಾಗೆ ಮಾಡಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ ಎಂದು ತಡೆದೆ. ಇನ್ನೊಂದು ವಿಷಯಕ್ಕೆ ಸ್ವಲ್ಪ ಜಗಳವೇ ಆಯಿತು. ಇಡೀ ತಾಕಿಗೆ ಏರುಮಡಿ, ಬಸಿಗಾಲುವೆ ಮಾಡುತ್ತಿದ್ದೆವು. ಅದರ ನಡುವೆ ಒಂದು ಪಟ್ಟಿಗೆ ಮಾತ್ರ ಸುಣ್ಣ ಹಾಕದೆ ಬಿಡಿ ಎಂದೆ. ಬೆಳೆಯುವ ನೆಲವನ್ನು ಬೇಕಂತಲೇ ರೋಗಕ್ಕೆ ಬಿಡುವುದು ಯಾವ ರೈತನಿಗೂ ಇಷ್ಟವಾಗಲ್ಲ. ಆದರೆ ಆ ಪಟ್ಟಿ ಇಲ್ಲದಿದ್ದರೆ ರೋಗ ತಗ್ಗಿದ್ದು ಸುಣ್ಣದಿಂದಲೋ, ನೀರು ಬಸಿದದ್ದರಿಂದಲೋ ಹೇಳಲು ಆಗುತ್ತಿರಲಿಲ್ಲ.

ಒಂದು ಗೇಣಿನ ಅಂತರ

ಸುಣ್ಣದ ನಂತರದ ಮೊದಲ ಟರ್ನಿಪ್ ಬೆಳೆ ಅರ್ಧಂಬರ್ಧ. ಸುಣ್ಣ ಹಾಕದ ಪಟ್ಟಿಯಲ್ಲಿ ಬಹುಪಾಲು ಗಿಡಗಳಿಗೆ ಗಂಟು. ಉಳಿದ ಕಡೆ ಕಡಿಮೆ, ಆದರೆ ಚೆದುರಿದ ಹಾಗೆ ಎಲ್ಲ ಕಡೆಯೂ ಇತ್ತು. ಸುಣ್ಣ ಸಾಲದು, ಇನ್ನೊಂದು ಸಲ ಅಷ್ಟೇ ಸುರಿದುಬಿಡೋಣ ಎಂದು ತಂದೆ ಹೊರಟರು.

ಈ ಪ್ರಕರಣದಲ್ಲಿ ದೊಡ್ಡ ತಿರುವು ಇದೇ ಎಂದು ನನಗೆ ಅನಿಸುತ್ತದೆ. ಒಂದೇ ಸಾಲಿನಲ್ಲಿ ಗೇಣು ದೂರದ ಎರಡು ಗಿಡಗಳನ್ನು ಎತ್ತಿದೆವು. ಒಂದರ ಬೇರು ಸ್ವಚ್ಛ, ಇನ್ನೊಂದರದು ಊದಿತ್ತು. ಎರಡೂ ಗುಂಡಿಗಳ ಮಣ್ಣನ್ನು ಬೇರೆಯಾಗಿ ಪರೀಕ್ಷಿಸಿದರೆ, ಸ್ವಚ್ಛ ಗಿಡದ ಕಡೆ 7.3, ಊದಿದ ಗಿಡದ ಕಡೆ 5.9. ಗುಂಡಿಯ ಗೋಡೆಯನ್ನು ಚಾಕುವಿನಿಂದ ಕೆರೆದಾಗ ಸುಣ್ಣ ಬಿಳಿ ಗೆರೆಯಾಗಿ, ಅಲ್ಲಲ್ಲಿ ಅವರೆಕಾಳಿನಷ್ಟು ಉಂಡೆಯಾಗಿ ಕೂತಿತ್ತು. ಮಣ್ಣು ಹಸಿ ಇದ್ದಾಗ ಸುಣ್ಣ ಎರಚಿ, ಒಂದೇ ಸಲ ಟಿಲ್ಲರ್ ಹೊಡೆದಿದ್ದರು. ಅದೂ ಮೇಲುಮೇಲೆ. ಟರ್ನಿಪ್‌ನ ತಾಯಿಬೇರು ಅದಕ್ಕಿಂತ ಕೆಳಗೆ ಹೋಗಿ, ಹಳೆಯ ಹುಳಿ ಮಣ್ಣನ್ನು ತಲುಪಿತ್ತು.

ಹಾಗಾಗಿ ಪ್ರಮಾಣ ಹೆಚ್ಚಿಸಲಿಲ್ಲ. ಮಣ್ಣು ಒಣಗಿ ಪುಡಿಯಾಗುವ ಹದಕ್ಕೆ ಬಂದಾಗ ಉದ್ದಕ್ಕೆ, ಅಡ್ಡಕ್ಕೆ, ಆಳವಾಗಿ ಉತ್ತು ಬೆರೆಸಿದರು. ಆ ಸರದಿಗೆ ಟರ್ನಿಪ್ ಬಿಟ್ಟು ಕ್ಯಾರೆಟ್ ಹಾಕಿದರು. ಕ್ಯಾರೆಟ್‌ಗೆ ಇದರಿಂದ ನಷ್ಟವೇನಿಲ್ಲ. ಪಿಥಿಯಂ ಎಂಬ ಜೀವಿಯಿಂದ ಕ್ಯಾರೆಟ್ ಮೈಮೇಲೆ ಬರುವ ಕುಳಿಚುಕ್ಕೆ ರೋಗಕ್ಕೂ ಸುಣ್ಣ ಹಾಕುವ ರೂಢಿ ಇದೆ. ಸುಣ್ಣ ಮಣ್ಣಿನ ಜೊತೆ ಹೊಂದಿಕೊಳ್ಳಲು ತಿಂಗಳುಗಟ್ಟಲೆ ಸಮಯವೂ ಸಿಕ್ಕಿತು. ಅದಾದ ಮೇಲಿನ ಟರ್ನಿಪ್‌ನಲ್ಲಿ ಗಂಟು ಹುಡುಕಬೇಕಾಯಿತು. ಬಿಟ್ಟ ಪಟ್ಟಿಯಲ್ಲಿ ಮಾತ್ರ ಮೊದಲಿನ ಹಾಗೇ ಇತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಗೆದ್ದ ಕತೆ.

ಆಲೂಗಡ್ಡೆಯ ಕಜ್ಜಿ, ಬೀಟ್‌ರೂಟಿನ ಕಪ್ಪು

ಸರದಿ ಪ್ರಕಾರ ಕೆಳಗಿನ ತಾಕಿಗೆ ಆಲೂಗಡ್ಡೆ ಬಂತು. ಅಗೆದಾಗ ಗೆಡ್ಡೆಗಳ ಸಿಪ್ಪೆಯ ಮೇಲೆ ಒರಟು ಬಿರುಕು, ಕಂದು ಹೊಪ್ಪಳೆ. ಇದು ಕಜ್ಜಿ ರೋಗ. ಕಾರಣ ಸ್ಟ್ರೆಪ್ಟೋಮೈಸಿಸ್ ಸ್ಕೇಬೀಸ್ ಎಂಬ ಬ್ಯಾಕ್ಟೀರಿಯಾ. ಅದು ಹೊಸದಾಗಿ ಬಂದದ್ದು ಎನ್ನಬೇಕಿಲ್ಲ, ಬಹುತೇಕ ಮಣ್ಣುಗಳಲ್ಲಿ ಇರುವಂಥದ್ದೇ. ಮಣ್ಣು 5.2ಕ್ಕಿಂತ ಹುಳಿ ಇದ್ದರೆ ಸಾಮಾನ್ಯವಾಗಿ ತಲೆ ಎತ್ತುವುದಿಲ್ಲ, ಅದರ ಹತ್ತಿರವಿದ್ದಾಗಲೂ ತಣ್ಣಗಿರುತ್ತದೆ. ಇಷ್ಟು ವರ್ಷ ಇವರ ಹುಳಿ ಮಣ್ಣು ಟರ್ನಿಪ್‌ಗೆ ಕಷ್ಟ ಕೊಡುತ್ತಾ ಆಲೂಗಡ್ಡೆಯನ್ನು ಕಾಯುತ್ತಿತ್ತು. ನಾವು ಅದನ್ನು ತಿರುಗಿಸಿಬಿಟ್ಟಿದ್ದೆವು.

ಅದರ ಮುಂದಿನದು ಬೀಟ್‌ರೂಟ್. ಎಳೆ ಎಲೆಗಳು ಸುರುಟಿ ಕಪ್ಪಾದವು. ಗೆಡ್ಡೆ ಕತ್ತರಿಸಿದರೆ ಒಳಗೆ ಗಟ್ಟಿಯಾದ ಕಪ್ಪು ಚುಕ್ಕೆಗಳು. ನೋಡಿದವರು ಇದನ್ನೂ ರೋಗ ಎಂದೇ ಹೇಳುತ್ತಾರೆ. ಅಸಲಿಗೆ ಬೋರಾನ್ ಕೊರತೆ. ಬೀಟ್‌ರೂಟ್, ಟರ್ನಿಪ್ ಎರಡಕ್ಕೂ ಬೋರಾನ್ ಜಾಸ್ತಿ ಬೇಕು, ಸುಣ್ಣ ಹೆಚ್ಚಾದ ಮಣ್ಣಿನಲ್ಲಿ ಅದು ಸಿಗುವುದೇ ಕಡಿಮೆ. ಎಲೆ ಪರೀಕ್ಷೆಯಲ್ಲೂ ಅದೇ ಬಂತು.

ಗಂಧಕ ಹಾಕಿ ಪಿಎಚ್ ಇಳಿಸಿಬಿಡೋಣ ಎಂಬ ಮಾತು ಬಂತು. ಲೆಕ್ಕ ಹಾಕಿ ತೋರಿಸಿದೆ. 1 ಕೆ.ಜಿ. ಗಂಧಕ ಪೂರ್ತಿ ಆಮ್ಲವಾದರೆ ಸುಮಾರು 3 ಕೆ.ಜಿ. ಸುಣ್ಣಕಲ್ಲಿನ ಪುಡಿಯನ್ನು ಮುಗಿಸುತ್ತದೆ. ಅಂದರೆ ದುಡ್ಡು ಕೊಟ್ಟು ಹಾಕಿಸಿದ ಸುಣ್ಣವನ್ನು ಮತ್ತೆ ದುಡ್ಡು ಕೊಟ್ಟು ತೆಗೆಯುವುದು. ಹಾಗೆ ಮಾಡಿದರೆ ಕ್ಲಬ್‌ರೂಟ್ ವಾಪಸ್ ಬರುವುದು ಖಂಡಿತ. ಒಂದೇ ತಾಕಿನಲ್ಲಿ ಟರ್ನಿಪ್‌ಗೆ 7.2, ಆಲೂಗಡ್ಡೆಗೆ 5.2 ಎಂದು ಪ್ರತಿವರ್ಷ ಮಣ್ಣನ್ನು ಏರಿಸಿ ಇಳಿಸಲು ಆಗುವುದಿಲ್ಲ.

ಅಲ್ಲಿಂದ ಚರ್ಚೆ ಮದ್ದು ಬಿಟ್ಟು ಸರದಿಯ ಕಡೆ ಹೋಯಿತು. ನಾಲ್ಕೂ ಬೆಳೆ ಎರಡೂ ತಾಕಿನಲ್ಲಿ ಸುತ್ತಬೇಕು ಎಂಬ ಅವರ ಹಳೆಯ ನಿಯಮವನ್ನು ಮುರಿಯಬೇಕಾಯಿತು. ಆಲೂಗಡ್ಡೆ ಮೇಲಿನ ತಾಕಿಗೆ ಮಾತ್ರ. ಅಲ್ಲಿಗೆ ಸುಣ್ಣ ಇಲ್ಲ, ಬೂದಿಯೂ ಇಲ್ಲ, ಯಾಕೆಂದರೆ ಬೂದಿಯೂ ಪಿಎಚ್ ಏರಿಸುತ್ತದೆ. ಆಲೂಗಡ್ಡೆ ಬೆಳೆಗಳ ನಡುವೆ ಏಕದಳ ಧಾನ್ಯ, ದ್ವಿದಳ ಧಾನ್ಯ. ಗೆಡ್ಡೆ ಕಟ್ಟಲು ಶುರುವಾದ ಮೊದಲ ಕೆಲವು ವಾರ ಮಣ್ಣು ಒಣಗದಂತೆ ನೀರು. ಕಜ್ಜಿ ಹತ್ತುವುದು ಆ ಅವಧಿಯಲ್ಲೇ. ಕೆಳಗಿನ ತಾಕಿಗೆ ಕ್ಯಾರೆಟ್, ಬೀಟ್‌ರೂಟ್, ತುಂಬಾ ಅಂತರ ಬಿಟ್ಟು ಟರ್ನಿಪ್. ಬೀಟ್‌ರೂಟ್ ಮತ್ತು ಟರ್ನಿಪ್‌ಗೆ ಮೊದಲು ಬೋರಾಕ್ಸ್. ಬೋರಾಕ್ಸ್‌ನಲ್ಲಿ ಬೋರಾನ್ ಇರುವುದು 11%ರಷ್ಟೇ, ಆದರೂ ಕಣ್ಣಳತೆಯಲ್ಲಿ ಹಾಕುವ ವಸ್ತುವಲ್ಲ. ಕೊರತೆಗೂ ವಿಷಕ್ಕೂ ನಡುವೆ ಅಂತರ ತೀರಾ ಕಡಿಮೆ. ಹುರುಳಿಕಾಯಿಯಂಥ ಬೆಳೆ ಮುಂದೆ ಬರುವುದಿದ್ದರೆ ಇನ್ನೂ ಎಚ್ಚರ ಬೇಕು. ತೂಕ ಮಾಡಿ, ನೀರಿನಲ್ಲಿ ಕರಗಿಸಿ ಸಮನಾಗಿ ಸಿಂಪಡಿಸಿದರು.

ನಿಯಮ ಮುರಿಯಲು ತಂದೆಗೆ ಮನಸ್ಸಿರಲಿಲ್ಲ. ಒಪ್ಪಿಸಿದ್ದು ಮಗಳ ಪುಸ್ತಕವೇ. ಪ್ರತಿ ಬೆಳೆಯ ಎದುರು ಅದಕ್ಕೆ ಬೇಕಾದ ಪಿಎಚ್ ಬರೆದು, ತಾಕುಗಳ ನಕ್ಷೆ ಪಕ್ಕದಲ್ಲಿಟ್ಟಳು. ಆಲೂಗಡ್ಡೆ ಒಂದು ಕಡೆ, ಉಳಿದ ಮೂರು ಇನ್ನೊಂದು ಕಡೆ ಎಂದು ಅದರಲ್ಲೇ ಕಾಣುತ್ತಿತ್ತು.

ಈಗ

ಮೇಲಿನ ತಾಕಿನ ಆಲೂಗಡ್ಡೆಯಲ್ಲಿ ಕಜ್ಜಿ ಅಲ್ಪಸ್ವಲ್ಪ ಇದೆ, ಮಾರಾಟಕ್ಕೆ ಅಡ್ಡಿಯಿಲ್ಲ. ಬೀಟ್‌ರೂಟ್ ಒಳಗೆ ಕೆಂಪಾಗಿಯೇ ಬರುತ್ತಿದೆ. ಟಿಲ್ಲರ್ ಕೆಳಗಿನಿಂದ ಮೇಲೆ ಹೋಗುವುದಿಲ್ಲ. ಮೇಲಿನ ಕೆಲಸ ಮುಗಿಸಿ ಕೆಳಗೆ ಇಳಿಯುತ್ತದೆ, ಅಲ್ಲೇ ಮಣ್ಣು ಕೆರೆದು ತೊಳೆಸಿಕೊಳ್ಳುತ್ತದೆ. ರೋಗದ ಟರ್ನಿಪ್‌ಗಳನ್ನು ದನಕ್ಕೆ ಹಾಕುವುದನ್ನೂ ನಿಲ್ಲಿಸಿದ್ದಾರೆ, ಬೀಜಾಣುಗಳು ದನದ ಹೊಟ್ಟೆ ದಾಟಿ ಸಗಣಿಯಲ್ಲೂ ಬದುಕುತ್ತವೆ. ಕಾಡುಸಾಸಿವೆ ಕಳೆಯನ್ನು ಹೂವಿಗೆ ಮೊದಲೇ ಕೀಳುತ್ತಾರೆ.

ಸುಣ್ಣದ ಖರ್ಚು ಮಾತ್ರ ಮುಗಿದಿಲ್ಲ. ಮಳೆ ಮತ್ತು ಅಮೋನಿಯಾ ಗೊಬ್ಬರಗಳಿಂದ ಪಿಎಚ್ ವರ್ಷವರ್ಷ ಸ್ವಲ್ಪ ಇಳಿಯುತ್ತದೆ. ಕೆಳಗಿನ ತಾಕು ಹೋದ ಸಲ 6.9 ತೋರಿಸಿತು. ಮುಂದಿನ ಟರ್ನಿಪ್‌ಗೆ ಆರು ತಿಂಗಳ ಮೊದಲು ಸುಣ್ಣ ಹಾಕಿ, ಅದಾದ ಮೇಲೆ ಮತ್ತೆ ಕುಂಡದ ಪರೀಕ್ಷೆ. ಕುಂಡದಲ್ಲಿ ಗಂಟು ಕಂಡರೆ ಆ ಸರದಿಗೂ ಕ್ಯಾರೆಟ್ಟೇ ಎಂದು ಮಗಳು ಪುಸ್ತಕದಲ್ಲಿ ಈಗಲೇ ಬರೆದಿಟ್ಟಿದ್ದಾಳೆ, ಪಕ್ಕದಲ್ಲಿ ಅಪ್ಪನ ಸಹಿಯನ್ನೂ ಹಾಕಿಸಿಕೊಂಡಿದ್ದಾಳೆ.